ಬಾರದ ಅತಿಥಿಯ ಎಣಿಕೆ

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು ಆನಂದಪುರ. ಮಳೆಗಾಲದಲ್ಲಿ ಜೋಗದ ಜಲಪಾತವನ್ನು ನೋಡಹೊರಟವರ ವಾಹನಗಳು ಈ ಊರನ್ನು ದಾಟಿಯೇ ಸಾಗುವುವು. ಸಮೀಪದಲ್ಲಿ ಕೆಳದಿಯ ಅರಸರ ಕಾಲದ ಚಂಪಕ ಸರಸು ಎಂಬ ಜಂಬಿಟ್ಟಿಗೆಯ ಕೊಳವಿದೆ. ಹೊರದೇಶದವರು ಇಲ್ಲಿಗೂ ಬರುವಂತೆ ಮಾಡಲಾಗದೆ ಎಂದು ಊರಿನ ಯುವಕರು ಕೇಳಿದರೆ ಅದು ಸಹಜವೇ. ಪ್ರಶ್ನೆ ವ್ಯಾಪಾರದ್ದೆಂದು ತೋರಿದರೂ ಉತ್ತರವನ್ನು ಹುಡುಕುವ ಕ್ರಮ ವಿಜ್ಞಾನದ್ದು.

ಮೊದಲು ಅಳೆಯಬೇಕಾದುದು ಏನೆಂದು ನಿಶ್ಚಯಿಸಬೇಕು. 1963ರಲ್ಲಿ ರೋಮ್ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನವು, ಸಂಬಳದ ಕೆಲಸಕ್ಕಲ್ಲದೆ ಪರದೇಶಕ್ಕೆ ಬಂದು ಕನಿಷ್ಠ 24 ಗಂಟೆ ತಂಗುವವನನ್ನು ಪ್ರವಾಸಿಯೆಂದು ಕರೆಯಿತು. ಭಾರತಕ್ಕೆ 2019ರಲ್ಲಿ ಬಂದ ವಿದೇಶೀ ಪ್ರವಾಸಿಗಳು ಸುಮಾರು 1 ಕೋಟಿ 9 ಲಕ್ಷ. ಬಾಂಗ್ಲಾದೇಶದವರು ಎಲ್ಲರಿಗಿಂತ ಹೆಚ್ಚು. ಅವರ ಅನಂತರ ಅಮೆರಿಕದವರು. ಆದರೆ ಮೊದಲಿನವರಲ್ಲಿ ಅನೇಕರು ಚಿಕಿತ್ಸೆಗಾಗಿ ಬಂದವರು. ಎರಡನೆಯವರಲ್ಲಿ ಅನೇಕರು ಭಾರತ ಮೂಲದವರೇ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಸಾಗರದ ಅಜ್ಜಿಯ ಮನೆಗೆ ಬರುವ ಮೊಮ್ಮಗನೂ ಈ ಲೆಕ್ಕದಲ್ಲಿ ವಿದೇಶೀಯನೇ! ಅವನನ್ನು ಕರೆತಂದುದು ಜಾಹೀರಾತಲ್ಲ.

ಹಾಗಾದರೆ ಜೋಗದಲ್ಲಿಯೇ ನಿಂತು, ಬಂದ ವಿದೇಶೀಯರನ್ನು ಪ್ರಶ್ನಿಸಿದರೆ ಸಾಲದೆ? ಸಾಲದು. ಅಲ್ಲಿ ಸಿಕ್ಕುವವರು ಬಂದವರು ಮಾತ್ರ. ಬಾರದವರು ಏಕೆ ಬಾರಲಿಲ್ಲವೆಂಬುದನ್ನು ಅವರು ಹೇಳಲಾರರು. ಒಲೆಯ ಪಕ್ಕದಲ್ಲಿಟ್ಟ ಉಷ್ಣಮಾಪಕವನ್ನು ಸಾವಿರ ಸಲ ನೋಡಿದರೂ ಊರಿನ ಹವೆಯ ಉಷ್ಣತೆ ತಿಳಿಯುವುದೆ?

ಆದುದರಿಂದ ಸಂಶೋಧಕರು ಪ್ರವಾಸಿಯ ತಾಯ್ನಾಡಿಗೇ ಹೋಗಿ, ಚೀಟಿ ಎತ್ತುವಂತೆ ಪಕ್ಷಪಾತವಿಲ್ಲದೆ ಜನರನ್ನು ಆರಿಸಿ ಪ್ರಶ್ನಿಸುವರು. ಹೀಗೆ ಆರಿಸಿದ 1,000 ಮಂದಿಯ ಉತ್ತರದಿಂದ ಇಡೀ ದೇಶದ ಒಲವನ್ನು ಊಹಿಸಿದರೆ, ನೂರರಲ್ಲಿ ತೊಂಬತ್ತೈದು ಸಲ ತಪ್ಪು ಶೇಕಡಾ 3ರಷ್ಟನ್ನು ಹೆಚ್ಚು ಮೀರದು. ತಪ್ಪನ್ನು ಅರ್ಧಕ್ಕಿಳಿಸಲು 4,000 ಮಂದಿ ಬೇಕು. ಆದರೆ ಆಯ್ಕೆಯೇ ಓರೆಯಾಗಿದ್ದರೆ ಲಕ್ಷ ಮಂದಿಯನ್ನು ಕೇಳಿದರೂ ಓರೆ ನೆಟ್ಟಗಾಗದು.

ಒಲವೊಂದೇ ಸಾಲದು. ನ್ಯೂಜಿಲೆಂಡಿನ ಪ್ರವಾಸ ಸಂಸ್ಥೆಯು ತನ್ನ ದೇಶವನ್ನು ಬಹುವಾಗಿ ಮೆಚ್ಚುವವರು, ಹೊರಡುವ ಯೋಚನೆ ಉಳ್ಳವರು, ಗೊತ್ತಾದಷ್ಟು ಹಣ ವೆಚ್ಚಮಾಡಲು ಸಿದ್ಧರಾದವರು ಎಂಬಂಥ ಜರಡಿಗಳಲ್ಲಿ ಜನರನ್ನು ಸೋಸುವುದು. ಉಳಿದವರಿಗಷ್ಟೇ ಅದರ ಕರೆಯೋಲೆ.

ಈ ಜರಡಿಯನ್ನು ಮಲೆನಾಡಿಗೆ ಹಿಡಿದು ನೋಡಿರಿ. ವಿದೇಶೀಯರು ಭಾರತಕ್ಕೆ ಹೆಚ್ಚಾಗಿ ಬರುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಶರಾವತಿಯು 253 ಮೀಟರ್ ಎತ್ತರದಿಂದ ಭೋರ್ಗರೆದು ಧುಮುಕುವುದು ಜುಲೈಯಿಂದ ಸೆಪ್ಟೆಂಬರಿನವರೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ನದಿಯ ನೀರು ವಿದ್ಯುತ್ತಿಗಾಗಿ ಅಲ್ಲಿ ನಿಲ್ಲುವುದು. ಮಳೆ ಕಳೆದ ಮೇಲೆ ಜೋಗದ ಧಾರೆಗಳು ಬಲು ತೆಳ್ಳಗಾಗುವುವು. ಶ್ರಾವಣದ ಜೋಗದ ಚಿತ್ರವನ್ನು ಕಳುಹಿಸಿ ಡಿಸೆಂಬರಿನಲ್ಲಿ ಅತಿಥಿಯನ್ನು ಕರೆದರೆ ಅವನಿಗೆ ನಿರಾಶೆ. ಸಾಲಮಾಡಿ ತಂಗುಮನೆ ಕಟ್ಟಿದ ಊರವನಿಗೆ ನಷ್ಟ.

ಆದುದರಿಂದ ಕೇಳಬೇಕಾದ ಪ್ರಶ್ನೆ “ಜಲಪಾತ ನಿಮಗೆ ಇಷ್ಟವೆ?” ಎಂಬುದಲ್ಲ. “ನಮ್ಮ ಮಳೆಯಲ್ಲಿ ನೆನೆಯಲು ಬರುವಿರಾ? ಇಲ್ಲವೆ ಚಳಿಗಾಲದಲ್ಲಿ ಅಡಕೆಯ ಕೊಯ್ಲನ್ನೂ ಇಕ್ಕೇರಿಯ ದೇಗುಲವನ್ನೂ ಚಂಪಕ ಸರಸನ್ನೂ ನೋಡಲು ಬರುವಿರಾ?” ಎಂಬುದು. ಹತ್ತು ಮಂದಿ ಇಲ್ಲವೆಂದರೂ ಅದೂ ಒಂದು ಅಳತೆಯೇ. ತಂಗುಮನೆಯ ತಳಪಾಯ ತೋಡುವ ಮುನ್ನ ಆ ಅಳತೆ ಕೈಯಲ್ಲಿರುವುದು ಲೇಸು.