ಶಿಫಾರಸು ಪತ್ರವೂ ಒಂದು ಸಾಕ್ಷ್ಯವೇ

ಆಗಮನ ಕಾಲ ಬಂತೆಂದರೆ ಗುರುನಿವಾಸದ ಬಾಗಿಲು ತಟ್ಟುವವರಲ್ಲಿ ಇತ್ತೀಚೆಗೆ ಹೊಸದೊಂದು ವರ್ಗ ಸೇರಿಕೊಂಡಿದೆ. ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿ ಬರುವವರ ನಡುವೆ, ವಿದೇಶದ ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರ ಬೇಡುವ ಯುವಕ ಯುವತಿಯರೂ ನಿಂತಿರುತ್ತಾರೆ. "ಫಾದರ್, ನಾಳಿದ್ದೇ ಕೊನೆಯ ದಿನ" ಎಂಬುದು ಅವರ ಮೊದಲ ಮಾತು.

ಆತುರಕ್ಕೆ ಕಾರಣವಿಲ್ಲದಿಲ್ಲ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಅರ್ಜಿಗಳ ಗಡುವು ಡಿಸೆಂಬರ್ 1ರಿಂದ 15ರೊಳಗೆ ಬೀಳುತ್ತದೆ. ಪ್ರವೇಶವನ್ನೂ ಧನಸಹಾಯವನ್ನೂ ಒಂದೇ ಅರ್ಜಿಯಿಂದ ನಿರ್ಣಯಿಸುವ ವಿಭಾಗಗಳು ಅಲ್ಲಿ ಹಲವು. ಸಾಮಾನ್ಯವಾಗಿ 3 ಪತ್ರಗಳು ಬೇಕು. ಶುಲ್ಕ ವಿನಾಯಿತಿಯೂ ಬೋಧನಾ ಸಹಾಯಕ ಹುದ್ದೆಯೂ ದೊರೆಯದಿದ್ದಲ್ಲಿ, ಸಾಧಾರಣ ಕುಟುಂಬದ ಮಗಳು ಪ್ರವೇಶ ಪಡೆದೂ ಮನೆಯಲ್ಲೇ ಉಳಿಯಬೇಕಾಗುತ್ತದೆ. ಇಲ್ಲವೇ ತಂದೆಯ ಮನೆಪತ್ರ ಬ್ಯಾಂಕಿನಲ್ಲಿ ಅಡವಾಗುತ್ತದೆ.

ಆದರೆ ಇಲ್ಲಿ ಧರ್ಮಗುರುವಿನ ಪತ್ರದಿಂದ ಆಗುವ ಪ್ರಯೋಜನ ಅಲ್ಪ. ಆಕೆ ತಪ್ಪದೆ ಪೂಜೆಗೆ ಬರುತ್ತಾಳೆ, ಗಾನವೃಂದದಲ್ಲಿ ಹಾಡುತ್ತಾಳೆ ಎಂದು ನಾನು ಬರೆದರೆ ಅದು ಸತ್ಯವೇ. ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಸಂಶೋಧನೆ ಮಾಡಬಲ್ಲಳೇ ಎಂಬುದನ್ನು ಆಕೆಗೆ ಪಾಠ ಹೇಳಿದವರೇ ಹೇಳಬೇಕು. ಶಾಸಕರ ಮುದ್ರೆ ಬಿದ್ದ ಪತ್ರವನ್ನು ತರುವ ತಂದೆಯರಿಗೂ ಇದೇ ಮಾತು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಗಡುವಿನ ಹಿಂದಿನ ದಿನ ಕೇಳಿದಾಗ ಬಿಡುವಿಲ್ಲದ ಅಧ್ಯಾಪಕರು, "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎನ್ನುತ್ತಾರೆ. ನಮ್ಮ ಕಾಲೇಜುಗಳಲ್ಲಿ ಇದು ಎಷ್ಟು ರೂಢಿಯಾಗಿದೆಯೆಂದರೆ ಯಾರಿಗೂ ತಪ್ಪೆನಿಸುವುದಿಲ್ಲ. ದೇವರ ಎಂಟನೆಯ ಆಜ್ಞೆ ಸುಳ್ಳುಸಾಕ್ಷಿಯನ್ನು ನಿಷೇಧಿಸುವುದನ್ನು ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಒಪ್ಪಿಸಿರುತ್ತಾರೆ. ತನ್ನ ಬಗ್ಗೆ ತಾನೇ ಪರರ ಹೆಸರಿನಲ್ಲಿ ನುಡಿಯುವ ಸಾಕ್ಷಿ ಯಾವ ಜಾತಿಯದು? ಸತ್ಯಸಂಧತೆಯನ್ನು ಸಂತ ಥಾಮಸ್ ಅಕ್ವಿನಾಸರು ನ್ಯಾಯಕ್ಕೆ ಹೊಂದಿಕೊಂಡ ಸದ್ಗುಣವೆಂದು ಪರಿಗಣಿಸಿದರು: ಸತ್ಯವು ನಾವು ಪರರಿಗೆ ಸಲ್ಲಿಸಬೇಕಾದ ಋಣ. ಇಲ್ಲಿ ಆ ಋಣ ಪತ್ರವನ್ನು ಓದುವ ಸಮಿತಿಗೂ, ಅದೇ ಹಣಕ್ಕೆ ಅರ್ಜಿ ಹಾಕಿದ ಬೇರೊಂದು ಬಡಮನೆಯ ಮಗುವಿಗೂ ಸಲ್ಲಬೇಕಾದದ್ದು.

ಹಾಗಾದರೆ ಪರರ ಕೈಬರಹವೇ ನಿಷಿದ್ಧವೇ? ಅಲ್ಲ. ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ಸಂತ ಪೌಲರು ಒಂದು ಶಿಫಾರಸಿನಿಂದಲೇ ಆರಂಭಿಸುತ್ತಾರೆ. ಕೆಂಖ್ರೆಯ ಧರ್ಮಸಭೆಯ ಸೇವಕಿ ಫೊಯಿಬೆಯನ್ನು ಬರಮಾಡಿಕೊಳ್ಳಿರೆಂದು ಕೋರಿ, ಆಕೆ ಅನೇಕರಿಗೂ ತಮಗೂ ನೆರವಾದುದನ್ನು ನೆನೆಯುತ್ತಾರೆ. ಅದೇ ಅಧ್ಯಾಯದಲ್ಲಿ, ಪತ್ರವನ್ನು ಬರೆದುಕೊಂಡ ತೆರ್ತಿಯನು ತನ್ನ ಹೆಸರು ಹೇಳಿ ವಂದಿಸುತ್ತಾನೆ. ಕೈ ತೆರ್ತಿಯನದು, ಸಾಕ್ಷ್ಯ ಪೌಲರದು. ಫೊಯಿಬೆಯೇ ಬರೆದು ಪೌಲರಿಂದ ಸಹಿ ಮಾಡಿಸಿದ್ದಲ್ಲ!

ಆದ್ದರಿಂದ ಸಮಯ ಕಡಿಮೆಯಿದ್ದಾಗ ವಿದ್ಯಾರ್ಥಿ ಒದಗಿಸಬೇಕಾದದ್ದು ಹೊಗಳಿಕೆಯ ಕರಡನ್ನಲ್ಲ, ನೆನಪಿಗೆ ಬೇಕಾದ ಸಾಮಗ್ರಿಯನ್ನು: ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಯಾವ ವರ್ಷ ಯಾವ ತರಗತಿಯಲ್ಲಿ ಏನು ಮಾಡಿದೆನೆಂಬ ಒಂದು ಪುಟ, ಗಡುವಿನ ದಿನಾಂಕ ಮತ್ತು ವೇಳೆ. ವೇಳೆ ಅಮೆರಿಕದ್ದೋ ನಮ್ಮದೋ ಎಂಬುದನ್ನೂ ತಿಳಿಸಬೇಕು. ಅರ್ಧ ದಿನ ಉಳಿಯಬಹುದು. ತಡವಾಗಿ ಬಂದಿರುವುದನ್ನು ನೇರವಾಗಿ ಒಪ್ಪಿ, "ಆಗದಿದ್ದರೆ ಇಂದೇ ಹೇಳಿಬಿಡಿ ಸಾರ್" ಎಂಬ ಮಾತನ್ನು ಸೇರಿಸಬೇಕು. ನಿರಾಕರಿಸುವ ಸ್ವಾತಂತ್ರ್ಯವಿಲ್ಲದವನು ಕೊಡುವ ಸಾಕ್ಷ್ಯಕ್ಕೆ ಬೆಲೆಯೆಲ್ಲಿ?

ಪತ್ರ ಹೋಗುವುದು ಅಧ್ಯಾಪಕರಿಂದ ನೇರವಾಗಿ ವಿಶ್ವವಿದ್ಯಾಲಯಕ್ಕೆ. ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕನ್ನು ಅಮೆರಿಕದ 1974ರ ಕಾನೂನು ನೀಡಿದೆ. ಶಿಫಾರಸು ಪತ್ರದ ಮಟ್ಟಿಗೆ ಅದನ್ನು ಬಿಟ್ಟುಕೊಡುವಿರಾ ಎಂದು ಅರ್ಜಿಯಲ್ಲಿ ಕೇಳಿರುತ್ತಾರೆ. ಬಿಟ್ಟುಕೊಡುವುದೇ ಲೇಸು, ಗುಟ್ಟಾಗಿ ಬರೆದ ಮಾತನ್ನು ಸಮಿತಿ ಹೆಚ್ಚು ನಂಬುತ್ತದೆ. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಧನಸಹಾಯದ ಆಹ್ವಾನಕ್ಕೆ ಉತ್ತರಿಸಲು ಏಪ್ರಿಲ್ 15ರವರೆಗೆ ಅವಕಾಶ ನೀಡುತ್ತವೆ. ಅಷ್ಟರಲ್ಲಿ ಫಲಿತಾಂಶ ಏನೇ ಆಗಿರಲಿ, ರಾತ್ರಿ ನಿದ್ದೆಗೆಟ್ಟು ಪತ್ರ ಬರೆದ ಆ ಮೇಷ್ಟರಿಗೆ ಮೊದಲು ತಿಳಿಸಿ.