ನಿಮಗಿದು ಗೊತ್ತೇ? ಗಣಿಯ ಡ್ರಿಲ್ ಕೆಡುವ ಲೆಕ್ಕ

ಸಂಡೂರಿನ ದೋಣಿಮಲೈಯಂಥ ತೆರೆದ ಗಣಿಯಲ್ಲಿ ಮೊದಲ ಸರದಿ ಡ್ರಿಲ್‌ನದು. ಅದು ಕೊರೆದ ಕುಳಿಯಲ್ಲಿ ಮದ್ದು ತುಂಬಿ ಬಂಡೆ ಸಿಡಿಸಿದ ಮೇಲೆಯೇ ಶವೆಲ್, ಡಂಪರ್‌ಗಳಿಗೆ ಕೆಲಸ. ಡ್ರಿಲ್ ಕೆಟ್ಟು ನಿಂತರೆ, ಸಿಡಿಸಿಟ್ಟ ಅದಿರು ಮುಗಿಯುವವರೆಗಷ್ಟೇ ಉಳಿದವು ಓಡುತ್ತವೆ.

ಸರಾಸರಿ 100 ಗಂಟೆಗೊಮ್ಮೆ ಕೆಡುವ ಡ್ರಿಲ್, ಕೆಡದೆ 100 ಗಂಟೆ ಓಡುವ ಸಾಧ್ಯತೆ ಎಷ್ಟು? ಅರ್ಧಕ್ಕರ್ಧ ಅಲ್ಲ. ಹೊತ್ತುಗೊತ್ತಿಲ್ಲದೆ ಬರುವ ಕೆಡುಕಾದರೆ ಸುಮಾರು 37% ಮಾತ್ರ!

ಎಂಜಿನ್, ಕಂಪ್ರೆಸರ್, ಹೈಡ್ರಾಲಿಕ್, ವಿದ್ಯುತ್... ಹೀಗೆ ಡ್ರಿಲ್‌ನಲ್ಲಿ ಆರು ವಿಭಾಗ ಇವೆಯೆನ್ನಿ. ಪ್ರತಿಯೊಂದೂ ಒಂದು ಪಾಳಿಯನ್ನು ಕೆಡದೆ ದಾಟುವ ಸಾಧ್ಯತೆ 95%. ಒಂದು ಕೈಕೊಟ್ಟರೂ ಕೆಲಸ ನಿಲ್ಲುವುದರಿಂದ, ಇಡೀ ಯಂತ್ರದ ಪಾಲಿಗೆ ಅದು 73.5%ಕ್ಕೆ ಇಳಿಯುತ್ತದೆ.

ಸರಾಸರಿಯನ್ನೇ ನಂಬುವುದು ಅಪಾಯ. ಒಂದು ಡ್ರಿಲ್ 40, 60, 80, 100 ಗಂಟೆ ಓಡಿ ಕೆಟ್ಟಿತು. ಇನ್ನೊಂದು 100, 80, 60, 40 ಗಂಟೆ. ಎರಡರ ಸರಾಸರಿಯೂ 70. ಮೊದಲನೆಯದು ಸುಧಾರಿಸುತ್ತಿದೆ, ಎರಡನೆಯದು ಹಾಳಾಗುತ್ತಿದೆ! ಹಾಗಾಗಿ ಬಲ್ಲ ಎಂಜಿನಿಯರರು ಸರಾಸರಿಗೆ ಮೊದಲು ಈ ಏರಿಳಿತವನ್ನು ನೋಡುತ್ತಾರೆ.

ಬಿಡಿಭಾಗ ಯಾವಾಗ ಕೆಡುತ್ತದೆ ಎಂಬ ಲೆಕ್ಕಕ್ಕೆ ಹೆಚ್ಚಾಗಿ ಬಳಕೆಯಾಗುವುದು ಸ್ವೀಡನ್ನಿನ ವಾಲೊಡಿ ವೈಬುಲ್ ಅವರ ಸೂತ್ರ. 1951ರ ಪ್ರಬಂಧದಲ್ಲಿ ಅದನ್ನು ಒರೆಗೆ ಹಚ್ಚಲು ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ಭಾರತದ ಹತ್ತಿಯ ಎಳೆಯೂ ಒಂದು! ಸೂತ್ರದಲ್ಲಿರುವ ಬೀಟಾ ಎಂಬ ಅಂಕಿ 1ಕ್ಕಿಂತ ಕಡಿಮೆ ಬಂದರೆ ಬಿಡಿಭಾಗ ಹೊಸದರಲ್ಲೇ ಹೆಚ್ಚು ಕೆಡುತ್ತಿದೆ, ಜೋಡಣೆಯಲ್ಲೇ ದೋಷವಿರಬಹುದು. 1ಕ್ಕಿಂತ ಹೆಚ್ಚಾದರೆ ಅದು ಸವೆತ. ಮೊದಲೇ ಬದಲಿಸುವುದು ಲಾಭ. ಸರಿಯಾಗಿ 1 ಬಂದರೆ? ಕೆಡುಕು ಹೊತ್ತುಗೊತ್ತಿಲ್ಲದೆ ಬರುತ್ತಿದೆ, ಚೆನ್ನಾಗಿ ಓಡುತ್ತಿರುವ ಭಾಗವನ್ನು ಬಿಚ್ಚಿ ಹೊಸದು ಹಾಕಿದರೂ ಪ್ರಯೋಜನವಿಲ್ಲ. ನನ್ನ ಮಟ್ಟಿಗೆ, ಗಣಿಯ ವರ್ಕ್‌ಶಾಪಿನ ಗೋಡೆಯ ಮೇಲೆ ಬರೆದಿಡಬೇಕಾದ ಮಾತಿದು.

ಇನ್ನು ಸವೆತದ ಮಾತು. ಡ್ರಿಲ್‌ನ ತುದಿಯಲ್ಲಿ ಬಂಡೆ ಕೊರೆಯುವ ಬಿಟ್ ಬೇಗ ಸವೆದರೆ ತಪ್ಪು ಬಿಟ್‌ನದೇ ಆಗಬೇಕಿಲ್ಲ. ರೋಟರಿ ಡ್ರಿಲ್‌ನಲ್ಲಿ ಕಂಪ್ರೆಸರ್‌ನ ಗಾಳಿಯೇ ಕಲ್ಲುಪುಡಿಯನ್ನು ಮೇಲೆ ತಳ್ಳುತ್ತದೆ, ಬಿಟ್‌ನ ಬೇರಿಂಗನ್ನೂ ತಂಪಾಗಿಡುತ್ತದೆ. ಗಾಳಿ ಸಾಲದಿದ್ದರೆ ಪುಡಿ ಕುಳಿಯ ತಳದಲ್ಲೇ ಉಳಿದು, ಬಿಟ್ ಅದನ್ನೇ ಮತ್ತೆ ಮತ್ತೆ ಅರೆಯುತ್ತದೆ.

ಲಾಗ್ ಬುಕ್ಕಿನಲ್ಲಿ ‘ಬ್ರೇಕ್‌ಡೌನ್, 4 ಗಂಟೆ’ ಎಂದಷ್ಟೇ ಇದ್ದರೆ ಈ ಯಾವ ಲೆಕ್ಕವೂ ಕೈಗೂಡದು. ಕೆಟ್ಟದ್ದು ಯಾವ ಭಾಗ, ಎಷ್ಟು ಗಂಟೆ ಓಡಿದ ಮೇಲೆ, ರಿಪೇರಿಗೆ ಹಿಡಿದದ್ದೆಷ್ಟು, ಸ್ಪೇರ್ ಪಾರ್ಟ್‌ಗಾಗಿ ಕಾದದ್ದೆಷ್ಟು, ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದಿರಬೇಕು.