ಕಾವಲಿನಲ್ಲಿ ಯಾವ ಹುಲ್ಲು ಉಳಿಯುತ್ತದೆ, ಯಾವುದು ಅಳಿಯುತ್ತದೆ?

ಹಸುವಿಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಒರಟು ನಾಲಿಗೆಯನ್ನು ಹುಲ್ಲಿಗೆ ಸುತ್ತಿ, ಕೆಳಹಲ್ಲಿಗೂ ಮೇಲಿನ ಗಟ್ಟಿ ಒಸಡಿಗೂ ನಡುವೆ ಒತ್ತಿ ಹಿಡಿದು ಕಿತ್ತುಕೊಳ್ಳುತ್ತದೆ. ಹೀಗೆ ಮೇಯುವುದರಿಂದ ಬುಡದಲ್ಲಿ ಎರಡು ಮೂರು ಬೆರಳಷ್ಟು ಹುಲ್ಲು ಸಾಮಾನ್ಯವಾಗಿ ಉಳಿಯುತ್ತದೆ. ಕುರಿಯ ತುಟಿ ತೆಳು, ನಡುವೆ ಸೀಳಿದೆ. ಅದು ನೆಲಕ್ಕೆ ಬಾಯಿ ಹಚ್ಚಿ ಬುಡದವರೆಗೂ ಮೇಯಬಲ್ಲದು. ಮೇಕೆಗೆ ಹುಲ್ಲಿಗಿಂತ ಸೊಪ್ಪೇ ಹೆಚ್ಚು ಇಷ್ಟ. ಹಾಗಾಗಿ ಒಂದು ಬಯಲಿನಲ್ಲಿ ಯಾವ ಗಿಡ ಉಳಿಯುತ್ತದೆ ಎನ್ನುವುದು ಅಲ್ಲಿ ಯಾವ ಬಾಯಿ ಆಡುತ್ತದೆ ಎನ್ನುವುದರ ಮೇಲೂ ನಿಂತಿದೆ.

ಹುಲ್ಲಿಗೆ ಒಂದು ಅನುಕೂಲವಿದೆ. ಬಹುಪಾಲು ಗಿಡಗಳು ತುದಿಯಲ್ಲಿ ಬೆಳೆಯುತ್ತವೆ, ಕುಡಿ ಚಿವುಟಿದರೆ ಆ ಟೊಂಗೆ ಅಲ್ಲಿಗೆ ನಿಲ್ಲುತ್ತದೆ. ಹುಲ್ಲು ಬೆಳೆಯುವ ಜಾಗ ಬುಡದಲ್ಲಿದೆ. ತುದಿ ದನದ ಬಾಯಿಗೆ ಹೋದರೂ ಎಲೆ ಕೆಳಗಿನಿಂದ ಮತ್ತೆ ಮೇಲೇಳುತ್ತದೆ. ಸಾಲದ್ದಕ್ಕೆ, ಎತ್ತರದ ಹುಲ್ಲು ತಗ್ಗಿದಾಗ ನೆಲಕ್ಕೆ ಬೆಳಕು ಬೀಳುತ್ತದೆ. ಗರಿಕೆಯಂತೆ ನೆಲಕ್ಕಂಟಿ ಹರಡುವ ಜಾತಿಗಳು, ಸಣ್ಣ ದ್ವಿದಳ ಸಸ್ಯಗಳು, ಮಳೆಗಾಲದಲ್ಲಷ್ಟೇ ಹೂಬಿಟ್ಟು ಮುಗಿಯುವ ಪುಟ್ಟ ಗಿಡಗಳು ಆ ಬೆಳಕಿನಲ್ಲಿ ಬದುಕುತ್ತವೆ. ಮೇಯುವ ಪ್ರಾಣಿಯೇ ಇಲ್ಲದ ಕಡೆ ಒಣಹುಲ್ಲು ವರ್ಷದಿಂದ ವರ್ಷಕ್ಕೆ ಹಾಸಿಕೊಂಡು ಇವನ್ನೆಲ್ಲ ಮುಚ್ಚಿಬಿಡುತ್ತದೆ.

ಬಾಯಿಯ ಜೊತೆಗೆ ಗೊರಸೂ ಕೆಲಸ ಮಾಡುತ್ತದೆ. ಅದು ನೆಲ ಕೆದಕಿದ ಕಡೆ ಬೀಜ ಮೊಳೆಯಲು ಜಾಗವಾಗುತ್ತದೆ. ಅದೇ ಹಾದಿಯನ್ನು ದಿನವೂ ತುಳಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಸಗಣಿ ಬಿದ್ದ ಜಾಗದ ಸುತ್ತಲಿನ ಹುಲ್ಲನ್ನು ದನ ಹಲವು ವಾರ ಮುಟ್ಟುವುದಿಲ್ಲ. ಗಂಜಲ ಬಿದ್ದ ಕಡೆ ಸಾರಜನಕ ಸಿಕ್ಕಿ ಹುಲ್ಲು ಕಡುಹಸಿರಾಗುತ್ತದೆ. ಒಂದೇ ಬಯಲಿನಲ್ಲಿ ಎತ್ತರ, ತಗ್ಗು, ಹಸಿರು, ಒಣಗು ಎಂಬ ಚೂರುಚೂರು ನೆಲೆಗಳು ಹುಟ್ಟುವುದು ಹೀಗೆ. ಸಗಣಿ ಬೀಜವನ್ನೂ ಸಾಗಿಸುತ್ತದೆ. ಬಳ್ಳಾರಿ ಜಾಲಿಯ ಸಿಹಿ ಕಾಯಿಯನ್ನು ದನ ಆಸೆಪಟ್ಟು ತಿನ್ನುತ್ತದೆ, ಗಟ್ಟಿ ಬೀಜ ಹೊಟ್ಟೆಯಲ್ಲಿ ಕರಗದೆ ಹೊರಬಂದು ಸಗಣಿಯಲ್ಲೇ ಮೊಳೆಯುತ್ತದೆ. ಬಯಲು ಸೀಮೆಯ ಎಷ್ಟೋ ಗೋಮಾಳಗಳಿಗೆ ಜಾಲಿ ನುಗ್ಗಿದ ದಾರಿಗಳಲ್ಲಿ ಇದೂ ಒಂದು.

ಇನ್ನು ದನ ಆರಿಸಿ ತಿನ್ನುವ ವಿಷಯ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ರುಚಿಯಾದ ಹುಲ್ಲಿಗೆ ಮೊದಲು ಬಾಯಿ ಬೀಳುತ್ತದೆ, ಮತ್ತೆ ಮತ್ತೆ ಬೀಳುತ್ತದೆ. ಎಲೆ ಕಳೆದುಕೊಂಡ ಹುಲ್ಲು ಬೇರಿನ ಬೆಳವಣಿಗೆ ನಿಲ್ಲಿಸಿ, ಇದ್ದ ಶಕ್ತಿಯನ್ನೆಲ್ಲ ಹೊಸ ಎಲೆಗೆ ಹಾಕುತ್ತದೆ. ಅಮೆರಿಕದ ವಿಜ್ಞಾನಿ ಎಫ್. ಜೆ. ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು: ಎಲೆಯ ಅರ್ಧದವರೆಗೆ ಕತ್ತರಿಸಿದರೆ ಬೇರಿಗೆ ಹೆಚ್ಚು ತೊಂದರೆಯಿಲ್ಲ, ಅದನ್ನು ಮೀರಿ ಕತ್ತರಿಸುತ್ತ ಹೋದಂತೆ ಬೇರು ದಿನಗಟ್ಟಲೆ ಬೆಳೆಯುವುದೇ ಇಲ್ಲ. ಬೇರು ಮೇಲೆಯೇ ಉಳಿದ ಹುಲ್ಲು ಮಳೆ ಕೈಕೊಟ್ಟ ವರ್ಷ ಸಾಯುತ್ತದೆ. ಆ ಜಾಗಕ್ಕೆ ದನ ಮುಟ್ಟದ ಗಿಡ ಬಂದು ಕೂರುತ್ತದೆ.

ದಕ್ಷಿಣ ಭಾರತದ ಒಣ ಬಯಲುಗಳಲ್ಲಿ ಈ ಇಳಿತಕ್ಕೆ ಒಂದು ಕ್ರಮವಿದೆ. ಚೆನ್ನಾಗಿರುವ ಕಾವಲಿನಲ್ಲಿ, ಅಂದರೆ ದನ ಮೇಯಲು ಮೀಸಲಾದ ಹುಲ್ಲು ಬಯಲಿನಲ್ಲಿ, ಸೆಹಿಮಾ, ಡೈಕಾಂಥಿಯಂ ಎಂಬ ಬಹುವಾರ್ಷಿಕ ಹುಲ್ಲುಗಳಿರುತ್ತವೆ. ಇವು ಒಳ್ಳೆಯ ಮೇವು. ಒತ್ತಡ ಹೆಚ್ಚಿದಾಗ ಹೆಟಿರೊಪೊಗಾನ್ ಮೇಲುಗೈ ಪಡೆಯುತ್ತದೆ. ನಡೆದು ಹೋದರೆ ಈಟಿಯಂಥ ಬೀಜ ಪಂಚೆಗೆ, ಸೀರೆಗೆ ಚುಚ್ಚಿಕೊಳ್ಳುತ್ತದಲ್ಲ, ಅದೇ ಹುಲ್ಲು. ಎಳೆಯದಾಗಿದ್ದಾಗ ಮಾತ್ರ ದನ ಅದನ್ನು ತಿನ್ನುತ್ತದೆ. ಇನ್ನೂ ಕೆಟ್ಟರೆ ಪೊರಕೆ ಕಟ್ಟುವ ಹಂಚಿಕಡ್ಡಿಯ ಬಳಗದ ಹುಲ್ಲುಗಳು, ಕೊನೆಗೆ ತಂಗಡಿ, ಎಕ್ಕ, ಲಂಟಾನ, ಕಾಂಗ್ರೆಸ್ ಗಿಡ. ಹಂಚಿಕಡ್ಡಿ ಹಬ್ಬುತ್ತಿದೆ ಎಂದರೆ ಕಾವಲು ಇಳಿಜಾರಿನಲ್ಲಿದೆ ಎಂದು ಓದಿಕೊಳ್ಳಬಹುದು.

ಹಾಗಾದರೆ ದನವನ್ನೇ ಹೊರಗಿಟ್ಟರೆ? ರಾಜಸ್ಥಾನದ ಭರತಪುರದಲ್ಲಿ ಅದನ್ನೇ ಮಾಡಿದರು. ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ದನ-ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ಪ್ರತಿಭಟಿಸಿದವರ ಮೇಲೆ ಗುಂಡು ಹಾರಿ ಜೀವಗಳೇ ಹೋದವು. ಮುಂದೆ ಆದದ್ದೇನು? ಎಮ್ಮೆಗಳು ಮೇದು ಹತೋಟಿಯಲ್ಲಿಟ್ಟಿದ್ದ ಪ್ಯಾಸ್ಪಲಂ ಎಂಬ ನೀರುಹುಲ್ಲು ಕೆರೆಗಳ ಮೇಲೆ ಹಬ್ಬಿತು, ತೆರೆದ ನೀರು ಕಡಿಮೆಯಾಯಿತು, ನೀರುಹಕ್ಕಿಗಳಿಗೆ ತೊಂದರೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಇದನ್ನು ದಾಖಲಿಸಿದೆ. ಜನರ ಮಾತನ್ನು ಕೇಳದೆ ತೆಗೆದುಕೊಂಡ ಆ ತೀರ್ಮಾನಕ್ಕೆ ಜನರೂ ಹಕ್ಕಿಗಳೂ ಬೆಲೆ ತೆತ್ತರು.

ನಮ್ಮ ಅಮೃತ ಮಹಲ್ ಕಾವಲುಗಳ ಹಳೆಯ ವ್ಯವಸ್ಥೆಯಲ್ಲಿ ಅತಿಯಾಗಿ ಮೇಯಿಸುವುದಕ್ಕೂ ದನವನ್ನೇ ಹೊರಗಿಡುವುದಕ್ಕೂ ನಡುವಿನ ದಾರಿಯೊಂದಿತ್ತು. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದ ದನದ ಹಿಂಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಸೈನ್ಯದ ಫಿರಂಗಿ, ಸಾಮಾನು ಎಳೆಯುತ್ತಿದ್ದದ್ದು ಇದೇ ಹಿಂಡಿನ ಎತ್ತುಗಳು. ಹಿಂಡಿಗೆ ಮೀಸಲಾದ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ದನ ಒಂದು ಕಾವಲಿನಲ್ಲಿದ್ದಾಗ ಉಳಿದವಕ್ಕೆ ಬಿಡುವು. ಆ ಬಿಡುವಿನಲ್ಲಿ ಹುಲ್ಲು ತೆನೆ ಬಿಟ್ಟು, ಬೀಜ ಉದುರಿಸಿ, ಬೇರಿಗೆ ಶಕ್ತಿ ಇಳಿಸಿಕೊಳ್ಳಬಹುದಿತ್ತು. ಈ ಕಾವಲುಗಳಲ್ಲಿ ಒಂದಾದ ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಇವತ್ತಿಗೂ ಕೃಷ್ಣಮೃಗಗಳಿವೆ; 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು.

ಊರ ಗೋಮಾಳಕ್ಕೂ ಇದೇ ಲೆಕ್ಕ ಸಾಕು. ಮುಂಗಾರಿನ ಮೊದಲ ಚಿಗುರಿಗೆ ದನ ಬಿಡಬೇಡಿ. ಬೇರಿನಲ್ಲಿ ಉಳಿದಿದ್ದ ಶಕ್ತಿಯೆಲ್ಲ ಆಗ ಎಲೆಗೆ ಬಂದಿರುತ್ತದೆ, ಅದನ್ನೂ ಕಿತ್ತರೆ ಹುಲ್ಲಿನ ಬಳಿ ಏನೂ ಉಳಿಯುವುದಿಲ್ಲ. ಅರ್ಧ ಮೇಯಿಸಿ, ಅರ್ಧ ಬಿಡಿ. ಜಾಗವನ್ನು ಮೂರು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲಿನಲ್ಲಿ ಹುಲ್ಲು ಬೀಜ ಉದುರುವವರೆಗೆ ದನ ಕಾಲಿಡದಂತೆ ನೋಡಿಕೊಳ್ಳಿ. ಜಾಲಿ ಕಾಯಿ ತಿಂದ ದನವನ್ನು ಜಾಲಿಯಿಲ್ಲದ ಪಾಲಿಗೆ ಆ ವಾರವೇ ಹೊಡೆಯಬೇಡಿ. ಪಂಚಾಯಿತಿಯವರಲ್ಲೂ ಒಂದು ಮಾತು: ಗೋಮಾಳವನ್ನು ಪಾಳು ಭೂಮಿ ಎಂದು ಬರೆದು ನೀಲಗಿರಿ, ಅಕೇಶಿಯಾ ನೆಡುವ ಮುನ್ನ, ಅಕ್ಟೋಬರ್‌ನಲ್ಲಿ ಹುಲ್ಲು ತೆನೆ ಬಿಟ್ಟಿರುವಾಗ ದನ ಕಾಯುವವರ ಜೊತೆ ಒಮ್ಮೆ ಅಲ್ಲಿ ನಡೆದು ನೋಡಿ. ಯಾವ ಹುಲ್ಲು ಎಲ್ಲಿದೆ, ಹತ್ತು ವರ್ಷದ ಹಿಂದೆ ಏನಿತ್ತು ಎಂದು ಅವರು ಹೇಳಬಲ್ಲರು.